ಸೋಲಲಿಕ್ಕೂ ಗೊತ್ತಾಗ್ತಾ ಇಲ್ಲ, ಈ ಕಾರ್ಡ್ ಗೇಮ್ ಕಲಿಯುವುದು ಹೇಗೆ ಮಾರಾಯ್ರೇ?

ಬಿಜೈ_ಮಾವ

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗ ರಜೆಗೆ ಅಂತ ಬೆಂಗಳೂರಿಂದ ನಮ್ಮಲ್ಲಿಗೆ ಬಂದಿದ್ದಾನೆ. ಹತ್ತು ವರ್ಷದ ಹುಡುಗ. ಬಟ್ಟೆಗಿಂತ ಜಾಸ್ತಿ ಪೋಕೆಮಾನ್ ಕಾರ್ಡ್ ತಂದಿದ್ದಾನೆ. ದಿನಾ ಸಂಜೆ ಚಾವಡಿಯಲ್ಲಿ ಹರಡಿಕೊಂಡು "ಮಾವ, ಒಂದು ಆಟ" ಅಂತ ಕೂರುತ್ತಾನೆ. ಅವನು ಏನೋ ಹೇಳುತ್ತಾನೆ, ನಾನು ಏನೋ ಇಡುತ್ತೇನೆ. ಸ್ವಲ್ಪ ಹೊತ್ತಿಗೆ "ಮೂರು ಆಯ್ತು, ನೀವು ಔಟ್" ಅಂತಾನೆ. ಎಂತ ಮೂರು ಅಂತ ಕೇಳಿದರೆ ಸರಿ ಉತ್ತರ ಇಲ್ಲ. ಅವನ ಡಬ್ಬಿಯಲ್ಲಿದ್ದ ನಿಯಮದ ಚೀಟಿಯಲ್ಲಿ ಮೂರರ ಸುದ್ದಿಯೇ ಇಲ್ಲ, ಆರು ಅಂತ ಉಂಟು.

ನನಗೆ ಬರುವುದು ರಮ್ಮಿ ಮತ್ತು ಇಪ್ಪತ್ತೆಂಟು, ಅಷ್ಟೇ. ಹುಡುಕಲಿಕ್ಕೆ ಹೋದರೆ ಮ್ಯಾಜಿಕ್, ಯು-ಗಿ-ಓ, ಒನ್ ಪೀಸ್, ಲೋರ್ಕಾನಾ ಅಂತ ಸಂತೆಯೇ ಉಂಟು. ಇದನ್ನು ದೊಡ್ಡವರೂ ಆಡುತ್ತಾರಾ? ಯಾವುದರಿಂದ ಶುರು ಮಾಡುವುದು? ಹುಡುಗನ ನೆಪ ಇರಲಿ, ಈಗ ನನಗೇ ಆಸೆ ಹುಟ್ಟಿದೆ.

ಮಣಿಪಾಲ_ಮಳೆ

ದೊಡ್ಡವರೇ ಜಾಸ್ತಿ ಆಡುವುದು ಸರ್. ಈ ಜಾತಿಯ ಆಟಗಳಿಗೆಲ್ಲ ದಾರಿ ತೋರಿಸಿದ್ದು 1993ರಲ್ಲಿ ಬಂದ ಮ್ಯಾಜಿಕ್: ದ ಗ್ಯಾದರಿಂಗ್. ಮಾಡಿದವರು ರಿಚರ್ಡ್ ಗಾರ್ಫೀಲ್ಡ್, ಗಣಿತದಲ್ಲಿ ಡಾಕ್ಟರೇಟ್ ಮಾಡಿದವರು. ಪೋಕೆಮಾನ್ ಕಾರ್ಡ್ ಆಟ ಜಪಾನಿನಲ್ಲಿ 1996ಕ್ಕೆ ಬಂತು, ಈಗಿನ ಯು-ಗಿ-ಓ 1999ಕ್ಕೆ. ಒನ್ ಪೀಸ್ 2022ರದ್ದು, ಲೋರ್ಕಾನಾ 2023ರದ್ದು.

ಯಾವುದು ಒಳ್ಳೆಯದು ಅಂತ ಯಾರನ್ನೂ ಕೇಳಬೇಡಿ, ಜಗಳ ಆಗುತ್ತದೆ. ನಿಮ್ಮ ಎದುರು ಕೂರುವವರು ಯಾವುದನ್ನು ಆಡುತ್ತಾರೋ ಅದೇ ಒಳ್ಳೆಯದು. ಬೆಂಗಳೂರಿನಷ್ಟು ಜನ ನಮ್ಮ ಕಡೆ ಇಲ್ಲ. ಪಾಪದ ಹುಡುಗ ಪೋಕೆಮಾನ್ ಹಿಡಿದುಕೊಂಡು ಕೂತಿದ್ದಾನೆ, ನೀವು ಮ್ಯಾಜಿಕ್ ತಂದು ಏನು ಮಾಡ್ತೀರಿ?

ಇನ್ನೊಂದು. ಪ್ಯಾಕೆಟ್ ಒಡೆಯುವುದು ಬೇರೆ, ಆಡುವುದು ಬೇರೆ. ಆಡಬೇಕು ಅಂತಿದ್ದರೆ ಬೂಸ್ಟರ್ ಪ್ಯಾಕೆಟ್ ಕಡೆ ಸದ್ಯ ನೋಡಲೇಬೇಡಿ. ಅದರಲ್ಲಿ ಯಾವ ಕಾರ್ಡ್ ಬರುತ್ತದೆ ಅಂತ ದೇವರಿಗೇ ಗೊತ್ತು. ಎಷ್ಟು ಒಡೆದರೂ ಅದರಿಂದ ಒಂದು ನೆಟ್ಟಗಿನ ಡೆಕ್, ಅಂದರೆ ಆಡಲಿಕ್ಕೆ ಬೇಕಾದ ಕಾರ್ಡಿನ ಕಟ್ಟು, ಆಗುವುದು ಕಷ್ಟ. ಪೋಕೆಮಾನ್‌ಗೆ ಬ್ಯಾಟಲ್ ಅಕಾಡೆಮಿ ಅಂತ ಪೆಟ್ಟಿಗೆ ಉಂಟು. 60 ಕಾರ್ಡಿನ ಮೂರು ರೆಡಿ ಡೆಕ್, ಒಂದು ಬೋರ್ಡ್, ಹೇಗೆ ಆಡಬೇಕು ಅಂತ ಕೈಹಿಡಿದು ತೋರಿಸುವ ಪುಸ್ತಕ. ಮೂರೂ ಸುಮಾರಾಗಿ ಒಂದೇ ಬಲದವು. ಹೊಸಬರಿಗೆ ಬೇಕಾಗಿರುವುದು ಅದೇ.

ಅಂದ ಹಾಗೆ ಹುಡುಗನ ಕಾರ್ಡುಗಳು ಅಸಲಿಯಾ?

ಬಿಜೈ_ಮಾವ

ಅಸಲಿ ನಕಲಿ ಅಂತ ಬೇರೆ ಉಂಟಾ? ಅರ್ಧಕ್ಕರ್ಧ ಚಿನ್ನದ ಬಣ್ಣದ್ದು, ಮುಟ್ಟಿದರೆ ಪ್ಲಾಸ್ಟಿಕ್. ಅವರ ಮನೆ ಹತ್ತಿರದ ಫ್ಯಾನ್ಸಿ ಅಂಗಡಿಯಲ್ಲಿ ಕೊಂಡದ್ದಂತೆ.

ರಥಬೀದಿ_ಅಮ್ಮ

ಚಿನ್ನದ್ದು ಅಂದ ಕೂಡಲೇ ಗೊತ್ತಾಯಿತು. ಅವು ನಕಲಿ.

ಉಡುಪಿಯಲ್ಲೂ ಅದೇ ಕಥೆ. ಶಾಲೆ ಮಕ್ಕಳ ಕೈಯಲ್ಲಿ ಎಲ್ಲಿ ನೋಡಿದರೂ ಅದೇ. ಗುರುತು ಹಿಡಿಯುವುದು ಸುಲಭ. ಒಂದೇ ಪ್ಯಾಕೆಟ್‌ನಲ್ಲಿ ಎಲ್ಲವೂ ಹೊಳೆಯುವ, ಎಲ್ಲವೂ ಬಲಿಷ್ಠ ಕಾರ್ಡ್ ಬಂದರೆ ಅನುಮಾನ ಪಡಿ. ಅಸಲಿ ಪ್ಯಾಕೆಟ್‌ನಲ್ಲಿ ಹತ್ತು ಕಾರ್ಡ್ ಇದ್ದರೆ ಹೆಚ್ಚಿನವು ಸಾದಾವೇ. ಕೆಳಗಿನ ಮೂಲೆಯಲ್ಲಿ ನಂಬರಿನ ಹತ್ತಿರ ಸಣ್ಣ ಗುರುತು ಇರುತ್ತದೆ. ಸೊನ್ನೆ ಇದ್ದರೆ ಸಾದಾ, ವಜ್ರದಾಕಾರ ಇದ್ದರೆ ಅದಕ್ಕಿಂತ ಸ್ವಲ್ಪ ಮೇಲೆ, ನಕ್ಷತ್ರ ಇದ್ದರೆ ಅಪರೂಪದ್ದು. ಇನ್ನು ಎಚ್‌ಪಿ ನೋಡಿ, ಅಂದರೆ ಪೋಕೆಮಾನ್ ಎಷ್ಟು ಏಟು ತಾಳುತ್ತದೆ ಅನ್ನುವ ಸಂಖ್ಯೆ. ಅಸಲಿಯಲ್ಲಿ ಅದು ಮುನ್ನೂರು ಚಿಲ್ಲರೆ ತನಕ ಹೋಗುತ್ತದೆ. ಸಾವಿರ ಅಂತ ಬರೆದಿದ್ದರೆ ಮತ್ತೆ ನೋಡುವುದೇ ಬೇಡ. ಹಿಂಬದಿಯ ನೀಲಿ ಬಣ್ಣ ಮಾಸಿದ ಹಾಗಿರುತ್ತದೆ, ಸ್ಪೆಲಿಂಗ್ ತಪ್ಪಿರುತ್ತದೆ. ಅಸಲಿ ಕಾರ್ಡಿನ ಅಂಚನ್ನು ಕಣ್ಣಿನ ಹತ್ತಿರ ಹಿಡಿದರೆ ಎರಡು ಪದರದ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣುತ್ತದೆ. ಮೊಬೈಲ್ ಟಾರ್ಚ್ ಹಿಂದಿನಿಂದ ಹಾಕಿದರೆ ನಕಲಿಯಲ್ಲಿ ಬೆಳಕು ಜಾಸ್ತಿ ತೂರಿ ಬರುತ್ತದೆ. ಪಕ್ಕದಲ್ಲಿ ಒಂದು ಅಸಲಿ ಕಾರ್ಡ್ ಇಟ್ಟುಕೊಂಡೇ ನೋಡಿ, ಇಲ್ಲದಿದ್ದರೆ ಅಂದಾಜು ಸಿಗುವುದಿಲ್ಲ.

ಹುಡುಗನ ಎದುರು "ಇದೆಲ್ಲ ಡೂಪ್ಲಿಕೇಟ್" ಅಂತ ಹೇಳಿ ಮುಖ ಸಣ್ಣ ಮಾಡಬೇಡಿ. ಅವು ಅವನ ಹತ್ತಿರ ಇರಲಿ. ಬೇರೆ ಮಕ್ಕಳ ಜೊತೆ ಬದಲಾಯಿಸುವಾಗ ಮಾತ್ರ ಬೇಡ ಅಂತ ಹೇಳಿದರೆ ಸಾಕು.

ಹಳೆ_ಟ್ರಂಪ್_ಕಾರ್ಡ್

ನಮ್ಮ ಕಾಲದಲ್ಲಿ ಕುಸ್ತಿಯವರ ಟ್ರಂಪ್ ಕಾರ್ಡ್. ಎತ್ತರ, ತೂಕ, ರ್‍ಯಾಂಕ್. ಜೋರಾಗಿ ಕೂಗಿದವನೇ ಗೆದ್ದ. ಮತ್ತೆ ಚಿಪ್ಸ್ ಪ್ಯಾಕೆಟ್‌ನಲ್ಲಿ ಬರುತ್ತಿದ್ದ ಟ್ಯಾಜೊ. ಎಣ್ಣೆ ಕೈಯಲ್ಲೇ ಬದಲಾಯಿಸಿಕೊಳ್ಳುತ್ತಿದ್ದೆವು. ಅಸಲಿ ನಕಲಿ ಯಾರು ನೋಡಿದ್ದರು!

ರಥಬೀದಿ_ಅಮ್ಮ

ಈಗ ಆಟಕ್ಕೆ ಬರುತ್ತೇನೆ. ಮಗನ ಜೊತೆ ಆಡಿ ಆಡಿ ಬಾಯಿಪಾಠ ಆಗಿದೆ.

ಇಬ್ಬರಿಗೂ 60 ಕಾರ್ಡಿನ ಡೆಕ್. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಒಂದೇ ಹೆಸರಿನದ್ದು ನಾಲ್ಕರ ತನಕ ಹಾಕಬಹುದು, ಹೊಡೆಯಲಿಕ್ಕೆ ಶಕ್ತಿ ಕೊಡುವ ಬೇಸಿಕ್ ಎನರ್ಜಿ ಕಾರ್ಡಿಗೆ ಮಾತ್ರ ಲೆಕ್ಕ ಇಲ್ಲ. ಕಲಸಿ ಏಳು ಎತ್ತಿಕೊಳ್ಳುವುದು. ಅದರಲ್ಲಿ ಬೇಸಿಕ್ ಪೋಕೆಮಾನ್, ಅಂದರೆ ನೇರವಾಗಿ ಇಳಿಸಬಹುದಾದದ್ದು, ಒಂದಾದರೂ ಬೇಕು. ಇಲ್ಲದಿದ್ದರೆ ಕೈ ತೋರಿಸಿ, ಮತ್ತೆ ಕಲಸಿ, ಮತ್ತೆ ಏಳು. ಆಗ ಎದುರಿನವರು ಬೇಕಾದರೆ ಒಂದು ಕಾರ್ಡ್ ಹೆಚ್ಚಿಗೆ ಎತ್ತಬಹುದು. ಒಂದು ಪೋಕೆಮಾನ್ ಮುಂದೆ ನಿಲ್ಲುತ್ತದೆ, ಹಿಂದೆ ಬೆಂಚಿನಲ್ಲಿ ಐದರ ತನಕ. ಪಕ್ಕದಲ್ಲಿ ಆರು ಕಾರ್ಡ್ ಕವುಚಿ ಇಡಬೇಕು, ಅವು ಪ್ರೈಜ್. ಎದುರಿನವರ ಪೋಕೆಮಾನ್ ಒಂದು ಬಿದ್ದರೆ ನಿಮ್ಮ ಪ್ರೈಜ್ ಒಂದನ್ನು ನೀವು ಕೈಗೆ ತೆಗೆದುಕೊಳ್ಳುತ್ತೀರಿ. ಹೆಸರಿನ ಬಾಲಕ್ಕೆ ಇಎಕ್ಸ್ ಅಂತ ಇದ್ದದ್ದು ಬಿದ್ದರೆ ಸಾಮಾನ್ಯವಾಗಿ ಎರಡು. ಯಾರ ಆರು ಮೊದಲು ಖಾಲಿಯೋ ಅವರು ಗೆದ್ದರು.

ಸೋಲಲಿಕ್ಕೆ ಇನ್ನೂ ಎರಡು ದಾರಿ ಉಂಟು. ಮುಂದಿನದ್ದು ಬಿದ್ದಾಗ ಬೆಂಚಿನಲ್ಲಿ ಯಾರೂ ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು. ನಿಮ್ಮ ಸರದಿ ಶುರುವಾಗುವಾಗ ಎತ್ತಲು ಡೆಕ್‌ನಲ್ಲಿ ಕಾರ್ಡ್ ಇಲ್ಲದಿದ್ದರೂ ಮುಗಿಯಿತು. ಹೊಸಬರು ಹೆಚ್ಚಾಗಿ ಮೊದಲನೆಯದರಲ್ಲೇ ಹೋಗುವುದು.

ಸರದಿಯಲ್ಲಿ ಏನು ಮಾಡಬಹುದು? ಮೊದಲು ಒಂದು ಕಾರ್ಡ್ ಎತ್ತಬೇಕು. ಎನರ್ಜಿ ಒಂದೇ ಜೋಡಿಸಬಹುದು. ಸಪೋರ್ಟರ್ ಅಂತ ಬರೆದದ್ದು ಒಂದೇ. ಐಟಂ ಎಷ್ಟು ಬೇಕಾದರೂ. ಹೊಡೆದ ಮೇಲೆ ಸರದಿ ಎದುರಿನವರದ್ದು, ಆದ್ದರಿಂದ ಹೊಡೆಯುವುದು ಯಾವಾಗಲೂ ಕೊನೆಗೆ. ಆಟ ಶುರು ಮಾಡಿದವರು ತಮ್ಮ ಮೊದಲ ಸರದಿಯಲ್ಲಿ ಹೊಡೆಯುವ ಹಾಗಿಲ್ಲ, ಸಪೋರ್ಟರ್ ಆಡುವ ಹಾಗೂ ಇಲ್ಲ.

ಮಗ ಮೊದಮೊದಲು ಪ್ರೊಫೆಸರ್ಸ್ ರಿಸರ್ಚ್ ಅನ್ನುವ ಕಾರ್ಡನ್ನು ಆಡುತ್ತಲೇ ಇರಲಿಲ್ಲ. ಕೈಯಲ್ಲಿದ್ದದ್ದನ್ನೆಲ್ಲ ಬಿಸಾಡಿ ಹೊಸದಾಗಿ ಏಳು ಎತ್ತಿಕೊಳ್ಳುವ ಕಾರ್ಡ್ ಅದು. "ಅಮ್ಮ, ನನ್ನ ಚಾರಿಜಾರ್ಡ್ ಹೋಗ್ತದೆ" ಅಂತ ಎದೆಗೆ ಒತ್ತಿ ಹಿಡಿದುಕೊಳ್ಳುತ್ತಿದ್ದ. ಆ ಚಾರಿಜಾರ್ಡ್ ಕೈಯಲ್ಲೇ ಕೂತಿರುತ್ತಿತ್ತು, ಅದನ್ನು ಇಳಿಸಲಿಕ್ಕೆ ಬೇಕಾದ ಬೇರೆ ಕಾರ್ಡುಗಳು ಡೆಕ್ಕಿನ ತಳದಲ್ಲಿ ಇರುತ್ತಿದ್ದವು. ಬಿಡಲಿಕ್ಕೆ ಕಲಿತ ಮೇಲೆ ನನ್ನನ್ನು ಸಲೀಸಾಗಿ ಸೋಲಿಸುತ್ತಾನೆ.

ಕಾಪು_ದೀಪ

ಆ "ಮೂರು"ರ ಗುಟ್ಟು ನನಗೆ ಗೊತ್ತಾಯಿತು! ಹುಡುಗನ ಕೈಯಲ್ಲಿ ಮೊಬೈಲ್ ಉಂಟಲ್ಲ? ಅವನು ಪೋಕೆಮಾನ್ ಟಿಸಿಜಿ ಪಾಕೆಟ್ ಆಡುತ್ತಿರಬೇಕು. 2024ರ ಅಕ್ಟೋಬರ್‌ನಲ್ಲಿ ಬಂದ ಆ್ಯಪ್. ಅದರಲ್ಲಿ ಡೆಕ್ 20 ಕಾರ್ಡಿನದ್ದು, ಬೆಂಚಿನಲ್ಲಿ ಮೂರೇ, ಪ್ರೈಜ್ ಕಾರ್ಡ್ ಇಲ್ಲ. ಮೂರು ಪಾಯಿಂಟ್ ಆದರೆ ಗೆಲುವು. ಎನರ್ಜಿ ಕೂಡ ಡೆಕ್‌ನಲ್ಲಿ ಇರುವುದಿಲ್ಲ, ಅದಾಗಿಯೇ ಬರುತ್ತದೆ. ಅವನು ಆ ನಿಯಮದಲ್ಲಿ ಈ ಕಾರ್ಡ್ ಆಡಿಸುತ್ತಿದ್ದಾನೆ.

ಬಿಜೈ_ಮಾವ

ಹೌದು ಮಾರಾಯ್ರೇ! ಈಗಷ್ಟೇ ಕೇಳಿದೆ. "ಮೊಬೈಲಲ್ಲಿ ಹಾಗೇ" ಅಂದ. ಅಕ್ಕನ ಹತ್ತಿರ ಹೇಳಬೇಡಿ ಅಂತಲೂ ಹೇಳಿದ.

ಇಪ್ಪತ್ತೆಂಟರ_ಅಜ್ಜ

ಎಲ್ಲ ಓದಿದೆ. ನಮ್ಮ ಮನೆಯಲ್ಲಿ ಇಸ್ಪೀಟಿನ ಕಟ್ಟು ಕಂಡರೆ ನನ್ನ ಅಮ್ಮ ಒಲೆಗೆ ಹಾಕುತ್ತಿದ್ದರು. ಆದರೂ ಕಲಿತೆವು, ಅದು ಬೇರೆ ವಿಷಯ. ಇಪ್ಪತ್ತೆಂಟರಲ್ಲಿ ಎಲ್ಲರಿಗೂ ಒಂದೇ ಕಟ್ಟು, ಅದರಲ್ಲಿ 32 ಎಲೆ. ಹಂಚಿದ ಮೇಲೆ ಯಾರ ಅದೃಷ್ಟ ಅವರದ್ದು. ಇಲ್ಲಿ ಒಬ್ಬೊಬ್ಬರೂ ಅವರವರ ಕಟ್ಟನ್ನು ಮನೆಯಿಂದಲೇ ಕಟ್ಟಿಕೊಂಡು ಬರುತ್ತಾರೆ ಅಂತಾಯಿತು. ಹಾಗಾದರೆ ದುಡ್ಡಿದ್ದವನೇ ಗೆಲ್ಲುವುದಲ್ವಾ? ಮತ್ತೆ ಇದು ಜೂಜಲ್ಲ ಅಂತ ಹೇಗೆ ಹೇಳ್ತೀರಿ?

ಮಣಿಪಾಲ_ಮಳೆ

ಅಜ್ಜ, ಎರಡೂ ಒಳ್ಳೆ ಪ್ರಶ್ನೆ. ಜೂಜಿನ ವಿಷಯ ಮೊದಲು. 1993ರ ಮ್ಯಾಜಿಕ್ ನಿಯಮದಲ್ಲಿ ಆ್ಯಂಟಿ ಅಂತ ಒಂದು ಇತ್ತು. ಆಟಕ್ಕೆ ಮುಂಚೆ ಇಬ್ಬರೂ ಡೆಕ್‌ನಿಂದ ಒಂದೊಂದು ಕಾರ್ಡ್ ಪಣಕ್ಕೆ ಇಡುವುದು, ಗೆದ್ದವನಿಗೆ ಎರಡೂ. ಜನರಿಗೆ ಹಿಡಿಸಲಿಲ್ಲ, ಹೋಯಿತು. ಪಣದ ಸುದ್ದಿ ಇರುವ ಆ ಕಾಲದ ಕಾರ್ಡುಗಳಿಗೆ ಈಗ ಸ್ಪರ್ಧೆಯಲ್ಲಿ ಜಾಗವೇ ಇಲ್ಲ. ಆಟದಲ್ಲಿ ಜೂಜಿಲ್ಲ. ಪ್ಯಾಕೆಟ್ ಒಡೆಯುವುದರಲ್ಲಿ ಅದರ ವಾಸನೆ ಉಂಟು, ಅದನ್ನು ನಾನು ಮುಚ್ಚಿಡುವುದಿಲ್ಲ. ಅದಕ್ಕೇ ಬೂಸ್ಟರ್ ಬೇಡ ಅಂದದ್ದು.

ದುಡ್ಡಿನ ವಿಷಯ. ಬೇಕಾದ ಕಾರ್ಡನ್ನು ಬಿಡಿಯಾಗಿ ಕೊಳ್ಳಬಹುದು, ಸಿಂಗಲ್ಸ್ ಅಂತಾರೆ. ಕೆಲವು ಕಾರ್ಡಿಗೆ ತಲೆ ತಿರುಗುವ ಬೆಲೆ, ಹೌದು. ಆದರೆ ಮ್ಯಾಜಿಕ್‌ನಲ್ಲಿ ಪಾಪರ್ ಅಂತ ಒಂದು ಬಗೆ ಉಂಟು. ಎಂದಾದರೂ ಒಮ್ಮೆ ಕಾಮನ್, ಅಂದರೆ ಸಾದಾ ಕಾರ್ಡ್ ಆಗಿ ಅಚ್ಚಾದ ಕಾರ್ಡುಗಳನ್ನು ಮಾತ್ರ ಹಾಕಬೇಕು. ಅಲ್ಲಿ ಶ್ರೀಮಂತನ ಆಟ ನಡೆಯುವುದಿಲ್ಲ.

ಸುರತ್ಕಲ್_ಲೆಕ್ಕ

ಅಜ್ಜನಿಗೆ ಇನ್ನೊಂದು ಉತ್ತರ. ದುಬಾರಿ ಕಾರ್ಡಿಗಿಂತ ಡೆಕ್ ಕಟ್ಟುವ ಲೆಕ್ಕ ದೊಡ್ಡದು. ಹೊಸಬರು ತಮಗೆ ಇಷ್ಟವಾದ್ದನ್ನೆಲ್ಲ ಒಂದೊಂದು ಹಾಕುತ್ತಾರೆ. 60 ಕಾರ್ಡಿನಲ್ಲಿ ಒಂದೇ ಪ್ರತಿ ಇದ್ದರೆ ಅದು ಮೊದಲ ಏಳರಲ್ಲಿ ಬರುವ ಸಾಧ್ಯತೆ ಶೇ. 12ಕ್ಕೂ ಕಡಿಮೆ. ನಾಲ್ಕು ಪ್ರತಿ ಹಾಕಿ, ಒಂದಾದರೂ ಬರುವ ಸಾಧ್ಯತೆ ಸುಮಾರು ಶೇ. 40ಕ್ಕೆ ಏರುತ್ತದೆ. ಪೋಕೆಮಾನ್‌ನಲ್ಲಿ ಆರು ಪ್ರೈಜ್ ಬೇರೆ ಕವುಚಿರುತ್ತದೆ. ನಿಮ್ಮ ಒಂದೇ ಒಂದು ರಾಜ ಕಾರ್ಡ್ ಅದರೊಳಗೆ ಸಿಕ್ಕಿಬೀಳುವ ಸಾಧ್ಯತೆ ಹತ್ತರಲ್ಲಿ ಒಂದು.

ಮ್ಯಾಜಿಕ್‌ನಲ್ಲಿ ಇದೇ ರೋಗ ಲ್ಯಾಂಡ್ ವಿಷಯದಲ್ಲಿ. ಲ್ಯಾಂಡ್ ಕಾರ್ಡಿನಿಂದ ಮಾನಾ ಬರುತ್ತದೆ, ಮಾನಾ ಕೊಟ್ಟರೆ ಮಾತ್ರ ಉಳಿದ ಕಾರ್ಡ್ ಆಡಬಹುದು. ಸರದಿಗೆ ಒಂದೇ ಲ್ಯಾಂಡ್ ಇಡಬಹುದು. 60ರಲ್ಲಿ ಸುಮಾರು 24 ಲ್ಯಾಂಡ್ ಹಾಕಿ ಅಂದರೆ ಹೊಸಬರಿಗೆ ಹೊಟ್ಟೆಯುರಿ. ಹತ್ತು ತೆಗೆದು ಡ್ರ್ಯಾಗನ್ ತುಂಬುತ್ತಾರೆ. ಆಮೇಲೆ ಕೈತುಂಬ ಡ್ರ್ಯಾಗನ್ ಹಿಡಿದುಕೊಂಡು ಸೋಲುತ್ತಾರೆ.

ಕಾಪು_ದೀಪ

ಇದಕ್ಕೇ ನಾನು ಯು-ಗಿ-ಓ ಆಡುವುದು. ಲ್ಯಾಂಡ್ ಇಲ್ಲ, ಎನರ್ಜಿ ಇಲ್ಲ. 8000 ಲೈಫ್ ಪಾಯಿಂಟ್, ಕೈಯಲ್ಲಿ ಐದು ಕಾರ್ಡ್, ಶುರು. 40ರಿಂದ 60ರ ತನಕ ಡೆಕ್, ಒಂದೇ ಹೆಸರಿನದ್ದು ಮೂರು.

ಮಣಿಪಾಲ_ಮಳೆ

ಶುರು, ಮತ್ತೆ ಎದುರಿನವನು ಒಂದೇ ಸರದಿಯಲ್ಲಿ ಹದಿನೈದು ನಿಮಿಷ ಒಬ್ಬನೇ ಆಡಿಕೊಳ್ಳುವುದನ್ನು ನೋಡುತ್ತಾ ಕೂರುವುದು. ಹೊಸಬರಿಗೆ ಯಾಕೆ ಅದು?

ಕಾಪು_ದೀಪ

ನೋಡಿ, ಜಗಳ ಆಗುತ್ತದೆ ಅಂತ ಹೇಳಿದವರೇ ಶುರು ಮಾಡಿದರು. ನಿಜ, ಕಾರ್ಡಿನ ಮೇಲೆ ಇರುವೆ ಗಾತ್ರದ ಅಕ್ಷರ, ಓದಿ ಮುಗಿಯುವುದಿಲ್ಲ. ಆದರೆ ಮಾಸ್ಟರ್ ಡ್ಯುಯಲ್ ಅನ್ನುವ ಯು-ಗಿ-ಓ ಆ್ಯಪ್ ಪುಕ್ಕಟೆ ಸಿಗುತ್ತದೆ, 2022ರಿಂದ ಉಂಟು, ನಿಯಮ ಅದೇ ನೋಡಿಕೊಳ್ಳುತ್ತದೆ. ಮ್ಯಾಜಿಕ್‌ನವರಿಗೆ ಅರೀನಾ ಉಂಟು. ದುಡ್ಡು ಹಾಕುವ ಮೊದಲು ಅದರಲ್ಲಿ ಕೈ ಪಳಗಿಸಿ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ: ನಮ್ಮ ಕರಾವಳಿ ಹವೆ. ಮಳೆಗಾಲದಲ್ಲಿ ಫಾಯಿಲ್ ಕಾರ್ಡ್ ಬಾಗುತ್ತದೆ. ಕಾಗದದ ಪದರ ತೇವ ಹೀರಿ ಹಿಗ್ಗುತ್ತದೆ, ಮೇಲಿನ ಹೊಳೆಯುವ ಪದರ ಹಿಗ್ಗುವುದಿಲ್ಲ. ಆದ್ದರಿಂದ ಹೊಳೆಯುವ ಮುಖ ಒಳಗಾಗಿ ಮಡಚಿಕೊಳ್ಳುತ್ತದೆ. ಮೇಜಿನ ಮೇಲೆ ಡೆಕ್ ಇಟ್ಟರೆ ಎಲ್ಲಿ ಫಾಯಿಲ್ ಉಂಟು ಅಂತ ಆ ಸಂದಿಯಲ್ಲೇ ಕಾಣುತ್ತದೆ. ಸ್ಪರ್ಧೆಯಲ್ಲಿ ಅದನ್ನು ಗುರುತು ಮಾಡಿದ ಕಾರ್ಡ್ ಅಂತ ಹಿಡಿಯುತ್ತಾರೆ, ಬೇಕಂತ ಮಾಡದಿದ್ದರೂ. ಸ್ಲೀವ್, ಅಂದರೆ ಕಾರ್ಡಿನ ಪ್ಲಾಸ್ಟಿಕ್ ಕವರ್ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಗೋಡೆಗೆ ತಾಗಿದ ಕಪಾಟು ಬೇಡ, ಜುಲೈಯಲ್ಲಿ ಆ ಗೋಡೆಯೇ ಬೆವರುತ್ತದೆ. ಇಸ್ತ್ರಿ ಪೆಟ್ಟಿಗೆ ಇಡುವ ಸಾಹಸ ಮಾಡಬೇಡಿ.

ಸ್ಲೀವ್ ತರುವಾಗ ಅಳತೆ ನೋಡಿ. ಪೋಕೆಮಾನ್, ಮ್ಯಾಜಿಕ್ ಕಾರ್ಡ್ 63 ಮಿ.ಮೀ. ಅಗಲ, 88 ಎತ್ತರ. ಯು-ಗಿ-ಓ 59, 86. ನಮ್ಮ ಸ್ಲೀವ್‌ನಲ್ಲಿ ನಿಮ್ಮ ಕಾರ್ಡ್ ಹೋಗುವುದಿಲ್ಲ.

ಹಳೆ_ಟ್ರಂಪ್_ಕಾರ್ಡ್

ಎಲ್ಲ ಸರಿ. ಆದರೆ ಪ್ಯಾಕೆಟ್ ಒಡೆಯುವುದೇ ಬೇಡ ಅಂದರೆ ಇದೆಂಥ ಖುಷಿ? ಹರಿದು, ಒಂದೊಂದೇ ಜಾರಿಸಿ, ಕೊನೆಯದ್ದನ್ನು ಕಣ್ಣು ಮುಚ್ಚಿ ತಿರುಗಿಸುವುದು. ನಾನು ಆಡುವುದೇ ಇಲ್ಲ, ಫೈಲಿನಲ್ಲಿ ಹಾಕಿ ಇಡುತ್ತೇನೆ. ಚಿತ್ರ ಚಂದ ಇದ್ದರೆ ಸಾಕು. ಅದೇನು ಕಡಿಮೆಯಾ?

ಮಣಿಪಾಲ_ಮಳೆ

ಕಡಿಮೆ ಅಲ್ಲ, ಬೇರೆ. ತಿಂಗಳಿಗೆ ಇಷ್ಟು ಅಂತ ಲೆಕ್ಕ ಇಟ್ಟುಕೊಂಡು ಒಡೆದರೆ ನನ್ನದೇನೂ ಇಲ್ಲ. ಮಾರಿ ಲಾಭ ಮಾಡುತ್ತೇನೆ ಅಂತ ಹೊರಟವರ ಜೊತೆ ಮಾತ್ರ ನನಗೆ ಮಾತಿಲ್ಲ.

ಹಾಗೇ, ಮ್ಯಾಜಿಕ್‌ನಲ್ಲಿ ಪ್ಯಾಕೆಟ್ ಒಡೆಯುವುದೇ ಆಟವಾಗಿರುವ ಒಂದು ಬಗೆಯೂ ಉಂಟು: ಡ್ರಾಫ್ಟ್. ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದು ಪ್ಯಾಕೆಟ್ ಒಡೆದು, ಒಂದು ಕಾರ್ಡ್ ಇಟ್ಟುಕೊಂಡು, ಉಳಿದದ್ದನ್ನು ಎಡಗಡೆಗೆ ದಾಟಿಸುವುದು. ಹೀಗೆ ಮೂರು ಪ್ಯಾಕೆಟ್, ದಾಟಿಸುವ ದಿಕ್ಕು ಮಾತ್ರ ಪ್ರತಿ ಸಲ ಬದಲಾಗುತ್ತದೆ. ಸಿಕ್ಕಿದ್ದರಲ್ಲಿ 40 ಕಾರ್ಡಿನ ಡೆಕ್ ಕಟ್ಟಿ ಅಲ್ಲೇ ಆಡುವುದು. ಹಳೆಬರ ಸಂಗ್ರಹ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಆದರೆ ಎಂಟು ಜನ ಬೇಕು, ಆರಾದರೂ ಬೇಕು. ನಮ್ಮಲ್ಲಿ ಕಷ್ಟ ಅದೇ.

ಬಿಜೈ_ಮಾವ

ಪೆಟ್ಟಿಗೆ ಆನ್‌ಲೈನ್‌ನಲ್ಲಿ ತರಿಸಿದೆ. ನಿನ್ನೆಯಿಂದ ಆರು ಪ್ರೈಜ್ ಇಟ್ಟು ಸರಿಯಾಗಿ ಆಡುತ್ತಿದ್ದೇವೆ. ಹುಡುಗನಿಗೆ ಮೊದಲು ಇದು ಉದ್ದ ಅಂತ ಸಿಟ್ಟು. ಈಗ ಮೊಬೈಲ್ ಆಚೆ ಇಟ್ಟಿದ್ದಾನೆ. ನಾನು ಸೋಲುತ್ತಿದ್ದೇನೆ, ಆದರೆ ಯಾಕೆ ಸೋತೆ ಅಂತ ಗೊತ್ತಾಗುತ್ತಿದೆ.

ಮ್ಯಾಜಿಕ್ ಅಂದರೆ ಎಂತ ಅಂತಲೂ ಒಂದು ಸ್ವಲ್ಪ ಹೇಳಿ. ಹುಡುಗ ಹೋದ ಮೇಲೆ ನನಗೆ ಆಡಲಿಕ್ಕೆ ಏನಾದರೂ ಬೇಕಲ್ಲ.

ಮಣಿಪಾಲ_ಮಳೆ

ಒಂದೇ ಕೈ ತೋರಿಸುತ್ತೇನೆ, ಇಷ್ಟವಾಯಿತೋ ಇಲ್ಲವೋ ನೀವೇ ಹೇಳಿ.

ನನ್ನ ಹತ್ತಿರ ಮೇಜಿನ ಮೇಲೆ ಗ್ರಿಜ್ಲಿ ಬೇರ್ಸ್ ಉಂಟು. ಎರಡು ಮಾನಾದ ಕರಡಿ, ಬಲ 2, ತಾಳಿಕೆ 2. ಕೈಯಲ್ಲಿ ಜೈಂಟ್ ಗ್ರೋತ್, ಒಂದು ಹಸಿರು ಮಾನಾಕ್ಕೆ ಆ ಸರದಿ ಮುಗಿಯುವ ತನಕ ಎರಡಕ್ಕೂ ಮೂರು ಮೂರು ಸೇರಿಸುತ್ತದೆ. ನಿಮ್ಮ ಕೈಯಲ್ಲಿ ಶಾಕ್, ಒಂದು ಕೆಂಪು ಮಾನಾಕ್ಕೆ 2 ಏಟು. ಗ್ರೋತ್, ಶಾಕ್ ಎರಡನ್ನೂ ಯಾರ ಸರದಿಯಲ್ಲಿ ಬೇಕಾದರೂ ಆಡಬಹುದು.

ನೀವು ಕರಡಿಗೆ ಶಾಕ್ ಹಾಕಿದಿರಿ ಅಂತ ಇಟ್ಟುಕೊಳ್ಳಿ. ಅದು ತಾಗುವ ಮೊದಲು ನಾನು ಗ್ರೋತ್ ಆಡುತ್ತೇನೆ. ಕೊನೆಗೆ ಬಂದದ್ದು ಮೊದಲು ನಡೆಯಬೇಕು ಅನ್ನುವುದು ನಿಯಮ. ಕರಡಿ 5/5 ಆಯಿತು, ಆಮೇಲೆ 2 ಏಟು ಬಿತ್ತು, ಕರಡಿ ಬದುಕಿತು. ಈಗ ಅದೇ ಎರಡು ಕಾರ್ಡ್ ತಿರುಗಿಸಿ. ನಾನು ಆಸೆಯಿಂದ ಮೊದಲೇ ಗ್ರೋತ್ ಹಾಕಿದೆ. ನೀವು ಅದರ ಮೇಲೆ ಶಾಕ್ ಹಾಕಿದಿರಿ. ಶಾಕ್ ಮೊದಲು ನಡೆಯಿತು, ಕರಡಿ ಇನ್ನೂ 2/2, ಸತ್ತಿತು. ಗ್ರೋತ್ ತಾಗಲಿಕ್ಕೆ ಕರಡಿಯೇ ಇಲ್ಲ. ನನ್ನ ಎರಡು ಕಾರ್ಡ್ ಹೋಯಿತು, ನಿಮ್ಮದು ಒಂದು.

ಕಾರ್ಡ್ ಅದೇ, ಮಾನಾ ಅದೇ. ಯಾರು ಮೊದಲು ಬಾಯಿ ಬಿಟ್ಟರು ಅಷ್ಟೇ.

ಇಪ್ಪತ್ತೆಂಟರ_ಅಜ್ಜ

ಇದು ನನಗೆ ಅರ್ಥ ಆಯಿತು. ತುರುಪು ಬೇಗ ಬಿಚ್ಚಿದವನು ಕೆಟ್ಟ. ನಡೆಯಲಿ, ಈ ಆಟ ಆಗಬಹುದು.

ಸುರತ್ಕಲ್_ಲೆಕ್ಕ

ಬಿಜೈ ಮಾವ, ಮ್ಯಾಜಿಕ್‌ಗೆ ಬರುವುದಾದರೆ ಫೌಂಡೇಶನ್ಸ್ ಬಿಗಿನರ್ ಬಾಕ್ಸ್ ನೋಡಿ. 20 ಕಾರ್ಡಿನ ಹತ್ತು ಸಣ್ಣ ಕಟ್ಟು. ಯಾವುದಾದರೂ ಎರಡು ಸೇರಿಸಿ ಕಲಸಿದರೆ 40ರ ಡೆಕ್ ರೆಡಿ. ಎಲ್ಲರೂ ಕಮಾಂಡರ್ ಅನ್ನುವ ಬಗೆ ಆಡಿ ಅಂತ ಎಳೆಯುತ್ತಾರೆ, ಹೋಗಬೇಡಿ. 100 ಕಾರ್ಡ್, ಬೇಸಿಕ್ ಲ್ಯಾಂಡ್ ಬಿಟ್ಟರೆ ಎಲ್ಲವೂ ಬೇರೆ ಬೇರೆ, ನಾಲ್ಕು ಜನ, ತಲೆಗೆ 40 ಲೈಫ್. ಮಜಾ ಉಂಟು, ಆದರೆ ಮೊದಲ ದಿನಕ್ಕಲ್ಲ.

ಭಾನುವಾರ ನಾನು ಕಂಕನಾಡಿ ಕಡೆ ಬರುತ್ತೇನೆ. ಎರಡು ಪಾಪರ್ ಡೆಕ್ ತರುತ್ತೇನೆ. ಕದ್ರಿ ಪಾರ್ಕ್ ಬೇಡ, ಗಾಳಿಗೆ ಕಾರ್ಡ್ ಹಾರುತ್ತದೆ. ಐಸ್‌ಕ್ರೀಂ ಅಂಗಡಿಯೂ ಬೇಡ, ಗಡ್‌ಬಡ್ ತಿಂದ ಕೈಯಲ್ಲಿ ನನ್ನ ಡೆಕ್ ಮುಟ್ಟಲು ಬಿಡುವುದಿಲ್ಲ.

ಬಿಜೈ_ಮಾವ

ನಮ್ಮ ಚಾವಡಿಗೇ ಬನ್ನಿ, ಫ್ಯಾನ್ ಬಂದ್ ಮಾಡುತ್ತೇನೆ. ಮಣಿಪಾಲದವರೂ ಬಸ್ಸು ಹತ್ತಿ. ವಿಳಾಸ ಮೆಸೇಜ್‌ನಲ್ಲಿ ಕಳಿಸುತ್ತೇನೆ.

ಅಮ್ಮಾ, ಒಂದು ಅರ್ಜೆಂಟ್ ಪ್ರಶ್ನೆ, ಆಟ ನಿಂತಿದೆ. ಹುಡುಗ ಈಗಷ್ಟೇ ಚಾರ್ಮ್ಯಾಂಡರ್ ಇಳಿಸಿದ. ಅದೇ ಸರದಿಯಲ್ಲಿ ಅದರ ಮೇಲೆ ಅದರದ್ದೇ ಬೆಳೆದ ರೂಪ ಚಾರ್ಮೀಲಿಯನ್ ಇಡುತ್ತೇನೆ ಅಂತಾನೆ. ಆಗುತ್ತದಾ? ಮತ್ತೆ ಬೆಂಚಿನಲ್ಲಿ ಅವನದ್ದೇ ಇನ್ನೊಂದು ಚಾರ್ಮ್ಯಾಂಡರ್ ಹೋದ ಸಲವೇ ಬಂದು ಕೂತಿದೆ, ಅದಕ್ಕೆ 30 ಏಟು ಬಿದ್ದಿದೆ. ಅದರ ಮೇಲೆ ಇಟ್ಟರೆ ಆ ಏಟು ಹೋಗುತ್ತದೆ ಅಂತ ವಾದ.

ರಥಬೀದಿ_ಅಮ್ಮ

ಈಗ ಇಳಿಸಿದ್ದರ ಮೇಲೆ ಇದೇ ಸರದಿಯಲ್ಲಿ ಇಡುವ ಹಾಗಿಲ್ಲ, ಕಾಯಬೇಕು. ಹೋದ ಸಲ ಬಂದದ್ದರ ಮೇಲೆ ಇಡಬಹುದು. ಆದರೆ ಏಟು ಹಾಗೇ ಉಳಿಯುತ್ತದೆ, 30 ಅಂದರೆ 30. ಮುಂದೆ ನಿಂತದ್ದಕ್ಕೆ ನಿದ್ದೆಯೋ ವಿಷವೋ ಹತ್ತಿದ್ದರೆ ಅದು ಮಾತ್ರ ಹೋಗುತ್ತದೆ.

ಆ ಕೊನೆಯ ಮಾತನ್ನು ಅವನಿಗೆ ಇವತ್ತೇ ಹೇಳಬೇಡಿ. ನಿಮ್ಮ ಡೆಕ್‌ನಲ್ಲಿ ವಿಷದ್ದು ಉಂಟಾ ನೋಡಿ ಮೊದಲು.